ಆಂಜನಮ್ಮನ ಅಂಗಾಲು

ಕೆ.ಆರ್. ಪುರದ ಆಚೆ, ಮೂರು ಅಪಾರ್ಟ್‌ಮೆಂಟುಗಳ ನಡುವೆ ಉಳಿದುಕೊಂಡಿದ್ದ ಇಪ್ಪತ್ತು ಗುಂಟೆ ಸೊಪ್ಪಿನ ತೋಟಕ್ಕೆ ರಾಮಾಂಜಿನಪ್ಪನೇ ಯಜಮಾನ ಎಂದು ಪಹಣಿ ಹೇಳುತ್ತಿತ್ತು. ಪಹಣಿಗೇನು ಗೊತ್ತು, ಅದು ಅವನ ಹೆಂಡತಿ ಆಂಜನಮ್ಮನನ್ನು ನೋಡಿಲ್ಲ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ರಿಟೈರ್ ಆದವನಿಗೆ ಅವಳು ಒಪ್ಪಿಸಿದ್ದ ಕೆಲಸ ಒಂದೇ: ಸೊಪ್ಪಿನ ಕಟ್ಟುಗಳನ್ನು ಸ್ಕೂಟರಿನಲ್ಲಿ ಕಮ್ಮನಹಳ್ಳಿಗೆ ಮುಟ್ಟಿಸುವುದು.

ಮಷೀನು ಕಂಡರೆ ರಾಮಾಂಜಿನಪ್ಪನ ಬಾಯಲ್ಲಿ ನೀರೂರುತ್ತಿತ್ತು. ಆಂಜನಮ್ಮ ಮಾತ್ರ ಮಗಳಿಗೆ ಗಂಡು ನೋಡುವವಳ ಹಾಗೆ ಒಂದೊಂದನ್ನೂ ವಿಚಾರಿಸುತ್ತಿದ್ದಳು. ಟಿಲ್ಲರು ಎರೆಹುಳುಗಳನ್ನು ಕತ್ತರಿಸುತ್ತದೆ, ಬೇಡ. ಹನಿ ನೀರಾವರಿಯ ಪೈಪು ಕಟ್ಟಿಕೊಂಡರೆ ತಾನೇ ಚುಚ್ಚಿ ಬಿಡಿಸಬಹುದು, ಇರಲಿ. ಮಣ್ಣಿನ ತೇವವನ್ನು ಫೋನಿನಲ್ಲಿ ತೋರಿಸುವ ಯಂತ್ರ ಮಾರಲು ಬಂದವರಿಗೆ ಕಾಫಿ ಕೊಟ್ಟು, ಕೆಟ್ಟರೆ ಬಿಚ್ಚಬಹುದೇ ಎಂದು ಕೇಳಿದಳು. ಬಿಚ್ಚುವಂತಿಲ್ಲ, ಕಂಪನಿಗೇ ಕಳಿಸಬೇಕು ಎಂದರು. ಅಲ್ಲಿಗೆ ಆ ಮಾತು ಮುಗಿಯಿತು. ತೇವ ನೋಡಲು ಅವಳಿಗೆ ಅಂಗಾಲಿತ್ತು. ಚಪ್ಪಲಿ ಮೆಟ್ಟಿ ಪಾತಿಗೆ ಇಳಿಯಬಾರದೆಂಬುದು ಅತ್ತೆಯಿಂದ ಬಂದ ಪದ್ಧತಿ. ಬೆಳಿಗ್ಗೆ ಬರಿಗಾಲಲ್ಲಿ ಒಂದು ಸುತ್ತು ಬಂದು, ಯಾವ ಪಾತಿಗೆ ನೀರು ಬೇಕು, ಯಾವುದಕ್ಕೆ ಬೇಡ ಎಂದು ಹೇಳಿಬಿಡುತ್ತಿದ್ದಳು.

ಈ ಏಪ್ರಿಲಿನಲ್ಲಿ ಕೊತ್ತಂಬರಿ ಕೊಳೆಯಿತು. ಕಿತ್ತು ನೋಡಿದರೆ ಬೇರಿಗೆ ನೀರು ಹೆಚ್ಚಾಗಿತ್ತು. ಪಾಲಕ್ ಕೂಡ ಅದೇ ದಾರಿ ಹಿಡಿಯಿತು. ಬೀಜ ಸರಿಯಿಲ್ಲ, ಹವಾ ಸರಿಯಿಲ್ಲ ಎಂದಳು ಆಂಜನಮ್ಮ. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ ಎಂದು ಗಂಡ ಛೇಡಿಸಿದ. ಅವಳು ತಿರುಗಿ ಬೈಯಲಿಲ್ಲ. ಅವನಿಗೆ ಹೆದರಿಕೆಯಾಯಿತು.

ಅವತ್ತು ಸಂಜೆ ಜಗಲಿಯಲ್ಲಿ ಕಾಲು ಚಾಚಿ ಕೂತವಳ ಅಂಗಾಲಿನಲ್ಲಿ ಜಾಲಿಮುಳ್ಳೊಂದು ಪೂರ್ತಿ ಹೂತು ಕೀವು ಕಟ್ಟಿರುವುದನ್ನು ಕಂಡ. ಪಿನ್ನು ತಂದು ಕೀಳುವಾಗ ಅವಳು ಕಾಲೆಳೆದುಕೊಳ್ಳಲೇ ಇಲ್ಲ. ಎಷ್ಟು ದಿನದಿಂದ ಹೀಗೆ ಎಂದು ಕೇಳಿದ.

"ಸಂಕ್ರಾಂತಿಯಿಂದ. ಶುಗರ್ರು ಕಣ್ರೀ, ಕಾಲಿಗೆ ಏನೂ ಗೊತ್ತಾಗ್ತಿಲ್ಲ. ಸುನಿಲಂಗೆ ಹೇಳ್ಬೇಡಿ. ಸಾಕು ಬಿಡಮ್ಮ ಅಂದು ತೋಟಾನ ಅಪಾರ್ಟ್‌ಮೆಂಟಿನೋರಿಗೆ ಕಾರು ನಿಲ್ಸೋಕೆ ಕೊಟ್ಬಿಡ್ತಾನೆ."

ಸುನಿಲ್ ಅವರ ಮಗ. ಅಮ್ಮ ದಣಿಯಬಾರದು ಎಂಬುದೇ ಅವನ ಆಸೆ, ಅಷ್ಟಕ್ಕೇ ಅವಳಿಗೆ ಅವನನ್ನು ಕಂಡರೆ ಭಯ.

ಡಾಕ್ಟರು ಗಾಯಕ್ಕೆ ಪಟ್ಟಿ ಕಟ್ಟಿ, ಇನ್ನು ಬರಿಗಾಲು ಕೂಡದು ಎಂದು ಮೆತ್ತನೆಯ ಚಪ್ಪಲಿ ಬರೆದುಕೊಟ್ಟರು. ಆಂಜನಮ್ಮ ಅದನ್ನು ಮೆಟ್ಟಿಕೊಂಡು ಬದುವಿನವರೆಗೆ ಬಂದು ಅಲ್ಲೇ ಕೂತುಬಿಟ್ಟಳು. ಪಾತಿಗೆ ಇಳಿಯಲಿಲ್ಲ. ಹಾಗೆ ಕೂತವಳನ್ನು ರಾಮಾಂಜಿನಪ್ಪ ಎರಡು ದಿನ ನೋಡಿದ.

ಮೂರನೆಯ ದಿನ ಅವನು ಶಿವಾಜಿನಗರದಲ್ಲಿ ಮೀಟರು ರಿಪೇರಿ ಮಾಡುವ ಹಳೆಯ ಗೆಳೆಯ ಅಹ್ಮದ್ ಪಾಷಾನ ಅಂಗಡಿಗೆ ಹೋದ. ಇಬ್ಬರೂ ಕೂತು ಒಂದು ಸಾಧನ ಮಾಡಿದರು: ಮೊಣಕೈಯುದ್ದದ ಕೊಳವೆ, ತಳದಲ್ಲಿ ಸುಟ್ಟ ಮಣ್ಣಿನ ಕುಡಿಕೆ, ತಲೆಯ ಮೇಲೆ ನೀರಿನ ಎಳೆತ ತೋರಿಸುವ ಒಂದು ಹಳೆಯ ಮೀಟರು. ಕೊಳವೆಗೆ ನೀರು ತುಂಬಿ ಹೂತರೆ, ಒಣಗಿದ ಮಣ್ಣು ಕುಡಿಕೆಯ ಮೂಲಕ ನೀರನ್ನು ಎಳೆಯುತ್ತದೆ, ಮೀಟರಿನ ಕಡ್ಡಿ ಮೇಲೇರುತ್ತದೆ.

ಆಂಜನಮ್ಮ ಅದನ್ನು ಪೂರ್ತಿ ಬಿಚ್ಚಿ, ಮತ್ತೆ ಜೋಡಿಸಿದಳು. ಅರ್ಧ ಒಪ್ಪಿದಂತೆಯೇ. ಕಡ್ಡಿ ಎಲ್ಲಿಗೆ ಬಂದಾಗ ನೀರು ಬಿಡಬೇಕು ಎಂದು ಕೇಳಿದಳು. ಪುಸ್ತಕದಲ್ಲಿ ಒಂದು ನಂಬರು ಇದೆ ಎಂದ.

"ಪುಸ್ತಕದೋರು ನಮ್ಮ ಮಣ್ಣು ತುಳಿದವ್ರಾ?"

ಹಾಗಾದರೆ ಕಾಲೇ ಹೇಳಲಿ ಎಂದ ರಾಮಾಂಜಿನಪ್ಪ. ಚಪ್ಪಲಿ ಬಿಟ್ಟು ತಾನೇ ಪಾತಿಗೆ ಇಳಿದು, ನಡುವೆ ಸಾಧನವನ್ನು ಹೂತ.

ನಲವತ್ತು ವರ್ಷ ಬೂಟಿನೊಳಗಿದ್ದ ಕಾಲು ಅದು, ಕೋಳಿಯಂತೆ ಎತ್ತೆತ್ತಿ ಇಟ್ಟ. ಹಿಮ್ಮಡಿ ತಣ್ಣಗಿದೆಯೇ, ಬೆರಳ ಸಂದಿಗೆ ಮಣ್ಣು ಅಂಟುತ್ತಿದೆಯೇ ಎಂದು ಅವಳು ಬದುವಿನಿಂದಲೇ ವಿಚಾರಿಸುತ್ತಿದ್ದಳು. ಮೊದಮೊದಲು ಅವನಿಗೆ ಎಲ್ಲವೂ ತಣ್ಣಗೇ. ಬೈಸಿಕೊಂಡು ಬೈಸಿಕೊಂಡು ಕಾಲಿಗೂ ಬುದ್ಧಿ ಬಂತು. ಒಂಬತ್ತನೆಯ ಬೆಳಿಗ್ಗೆ ಅವನು ತಾನಾಗಿಯೇ ಹೇಳಿದ:

"ಹಿಮ್ಮಡಿಗೆ ಮಾತ್ರ ತಂಪು. ಬೆರಳಿಗೆ ಪುಡಿಪುಡಿ."

"ಅಲ್ಲೇ ನಿಲ್ಲಿ," ಎಂದು ಆಂಜನಮ್ಮ ಎದ್ದಳು. ಬಗ್ಗಿ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು, ಚಪ್ಪಲಿ ಕಾಲಲ್ಲೇ ಪಾತಿಗೆ ಇಳಿದಳು. ಹಣೆಯ ಕುಂಕುಮದಿಂದ ಒಂದಿಷ್ಟು ತೆಗೆದು, ಕಡ್ಡಿ ನಿಂತಿದ್ದ ಕಡೆ ಗಾಜಿನ ಮೇಲೆ ಬೊಟ್ಟಿಟ್ಟಳು. ಸಂಜೆಗೆ ನೀರು ಬಿಡಬೇಕು ಎಂದಳು. ಅಳಿಸಿಹೋಗುತ್ತದೆ, ಪೇಂಟು ಹಾಕುತ್ತೇನೆ ಎಂದ ಅವನು.

ಅವಳು ಅವನ ಭುಜ ಹಿಡಿದು ಬದುವಿಗೆ ಹತ್ತಿದಳು.

"ಸುನಿಲಂಗೆ ಫೋನ್ ಹಾಕಿ. ಕಾಲಿನ ವಿಷ್ಯ ನಾನೇ ಹೇಳ್ತೀನಿ. ಭಾನುವಾರ ಕೊತ್ತಂಬರಿ ಬಿತ್ತೋಕೂ ಬರಬೇಕು ಅಂತ ಹೇಳ್ತೀನಿ."