ಕರಡಿಗೆ ಬರುವ ತನಕ

ಫ್ಯಾನಿನ ರೆಕ್ಕೆ ಸುತ್ತಿಗೊಮ್ಮೆ ಟಕ್ ಅನ್ನುತ್ತದೆ, ಕೊಟ್ಟಿಗೆಯಲ್ಲಿ ಮೇವಿನ ಗ್ವಾದಲಿಯ ಕಟ್ಟೆಗೆ ಎತ್ತಿನ ಸರಪಳಿ ತಾಗಿದ ಹಾಗೆ, ಟಕ್, ನಿಲ್ಲಿಸಿ ಅನ್ನಬೇಕು, ನಾಲಿಗೆ ಏಳುವುದಿಲ್ಲ, ಬೆಳಗ್ಗೆ ಎದ್ದು ಕೂತಾಗ ಕಣ್ಣು ಕತ್ತಲಾಗಿ ಬಿದ್ದದ್ದೇ ಬಿದ್ದದ್ದು, ಕೈ ನನ್ನದಲ್ಲ, ಕಾಲು ನನ್ನದಲ್ಲ, ಒದ್ದೆ ಗೋಣಿಚೀಲದ ಹಾಗೆ ಈ ಮಂಚದ ಮೇಲೆ ಬಿದ್ದಿದ್ದೇನೆ — ಕೊಚ್ಚಿಯ ಆಸ್ಪತ್ರೆ, ಹೊಟ್ಟೆಯೊಳಗೊಂದು ಗಡ್ಡೆ, ಕಿಡ್ನಿಯ ಮೇಲೆ ಟೊಪ್ಪಿಗೆಯ ಹಾಗೆ ಕೂತ ಗ್ರಂಥಿಯಲ್ಲೊಂದು, ಎರಡನ್ನೂ ಒಂದೇ ಸಲ ತೆಗೆದರು, ಜೊತೆಗೆ ಅರ್ಧ ಹೊಟ್ಟೆಯೂ ಹೋಯಿತು, ಆಚೆ ಬದಿಯ ಗ್ರಂಥಿ ನಿದ್ದೆ ಮಾಡುತ್ತಿದೆ, ಅದು ಏಳುವ ತನಕ ಈ ಮಾತ್ರೆಯೇ ನಿಮ್ಮ ಗ್ರಂಥಿ ಅಂದಿದ್ದರು ಡಾಕ್ಟರು, ತಪ್ಪಿಸಿದರೆ ಬಿಪಿ ಹಗ್ಗ ಕಡಿದ ಕೊಡದ ಹಾಗೆ ಬಾವಿಗಿಳಿಯುತ್ತದೆ — ಹಗ್ಗ, ಕೊಡ ಅವರ ಮಾತಲ್ಲ, ನನ್ನವೇ ಇರಬೇಕು, ಅವರು ಇಂಗ್ಲಿಷಿನಲ್ಲಿ ಹೇಳಿದ್ದರು. ಮಾತ್ರೆ. ದಿಂಬಿನ ಗವಸಿನ ಮೂಲೆಯಲ್ಲಿವೆ, ನಿನ್ನೆಯವೂ ಇವತ್ತಿನದೂ, ಬೆಳ್ಳಗೆ, ಗುಂಡಗೆ, ನನ್ನ ಎಂಜಲಿಗೆ ಅಂಚು ಕರಗಿದವು. ಕೊರಳು ಬರಿದು. ಆಪರೇಷನ್ನಿಗೆ ಒಯ್ಯುವಾಗ ಹೆಂಡತಿ ಜಯಲಕ್ಷ್ಮಿಯೇ ಇಷ್ಟಲಿಂಗದ ಬೆಳ್ಳಿ ಕರಡಿಗೆ ಬಿಚ್ಚಿ ಬಿಳಿ ವಸ್ತ್ರದಲ್ಲಿ ಸುತ್ತಿ ಇಟ್ಟುಕೊಂಡಳು, ಮಗಳು ಅನ್ವಿತಾ, ತಿರುವನಂತಪುರದಲ್ಲೇ ಹುಟ್ಟಿ ಬೆಳೆದವಳು, ಬೆಳ್ಳಿ ಅಂದರೆ ಬೆಳ್ಳಿ ಅವಳಿಗೆ, ಅಮ್ಮನ ಬಳೆಗಳ ಜೊತೆ ಅದನ್ನೂ ಚೀಲಕ್ಕೆ ಹಾಕಿ, ಆಸ್ಪತ್ರೆಯಲ್ಲಿ ಕಳವಾದೀತೆಂದು, ನೋಡಲು ಬಂದ ನನ್ನ ಆಫೀಸಿನ ವಿನ್ಸೆಂಟ್ ಕೈಯಲ್ಲಿ ಕೊಟ್ಟಳು, ಅವನು ಪಾಪ ತಿರುವನಂತಪುರದ ಕಳಕ್ಕೂಟಂನ ತನ್ನ ಮನೆಯ ಕಪಾಟಿನಲ್ಲಿಟ್ಟು ಬೀಗ ಹಾಕಿಕೊಂಡು ಕೂತಿದ್ದಾನೆ, ತರಲು ನಿನ್ನೆ ಹೋದವಳು ಜಯಲಕ್ಷ್ಮಿ, ಈಗ ರೈಲಿನಲ್ಲಿದ್ದಾಳಂತೆ. ಲಿಂಗ ಕೈಯಾಗಿಲ್ಲದಾಗ ಬಾಯಿಗೆ ಏನೂ ಮುಟ್ಟಸಬಾರ್ದು ಅನ್ನುತ್ತಿದ್ದಳು ಅವ್ವ, ಡ್ರಿಪ್ ಇದ್ದಷ್ಟು ದಿನ ನೇಮ ತಾನಾಗಿ ನಡೆಯಿತು, ನಿನ್ನೆ ಗಂಜಿ ನೀರು ತಂದರು, ವಾಕರಿಕೆ ಅಂದೆ. ಔಷಧಕ್ಕ ಎಲ್ಲಿಯ ದೋಷರೀ, ಊರಾಗಿನ ಮಠದ ಅಯ್ನಾರು ಸುದ್ದಾ ಸಕ್ಕರಿ ಬ್ಯಾನಿ ಸೂಜಿ ಚುಚ್ಚಿಕೊಂಡ ಪೂಜಿಗೆ ಕುಂದರ್ತಾರ, ಸುಮ್ಕ ನುಂಗ್ರಿ, ಹೊರಡುವಾಗ ಜಯಲಕ್ಷ್ಮಿ ಅಂದಳು, ತಲೆಯಾಡಿಸಿದೆ. ಅಚ್ಚಾ, ಮರುನ್ನು ಕಳಿಚ್ಚೋ, ಅಪ್ಪಾ ಔಷಧಿ ನುಂಗಿದಿರಾ ಎಂದು ಮಲಯಾಳದಲ್ಲಿ ಕೇಳಿದಳು ನರ್ಸ್ ನಿಶಾ, ಅವಳಿಗೂ ತಲೆಯಾಡಿಸಿದೆ, ಲೋಟ ತುಟಿಗೆ ಹಿಡಿದು ಗಂಟಲನ್ನಷ್ಟೇ ಆಡಿಸಿ, ಮಾತ್ರೆ ದವಡೆಯಲ್ಲಿ ಕಹಿಯಾಗಿ ಕೂತಿತ್ತು.

ನಾನು ಚಿಕ್ಕವನಿದ್ದಾಗ ಊರಲ್ಲಿ ನಮ್ಮ ಎತ್ತೂ ಹಾಗೇ ಮಾಡಿತ್ತು, ಅಪ್ಪ ಮೂತಿ ಎತ್ತಿ ಹಿಡಿದು ಬಿದಿರಿನ ಗೊಟ್ಟದಿಂದ ಔಷಧ ಹೊಯ್ದ, ಅದು ದವಡೆಯಲ್ಲಿ ಹಿಡಿದುಕೊಂಡಿದ್ದು ಅವನು ಬೆನ್ನು ತಿರುಗಿಸಿದೊಡನೆ ಜೊಲ್ಲಿನ ಜೊತೆ ಬಿಟ್ಟಿತು, ಬಾಯಿ ಬಿಡಸಬಹುದು, ನುಂಗಸಾಕ ಬರಂಗಿಲ್ಲ ನೋಡೋ ವೀರಭದ್ರ ಅಂದ ನನಗೆ, ಬೆಳಗ್ಗೆ ಗ್ವಾದಲಿಯ ಮುಂದೆ ಅಡ್ಡಬಿದ್ದಿತ್ತು, ಕಣ್ಣು ತೆರೆದೇ ಇತ್ತು, ಎಲ್ಲ ಕಾಣುತ್ತಿತ್ತೇನೋ ಅದಕ್ಕೂ, ಟಕ್, ಹೀಗೆ, ನನ್ನ ಹಾಗೆ, ಈಗ ಡಾಕ್ಟರು ಬಂದು ಹೊಟ್ಟೆ ಒತ್ತುತ್ತಾರೆ, ನೋವು ಎಲ್ಲೋ ದೂರದಲ್ಲಿ, ಸ್ಟಿರಾಯ್ಡ್ ಮಾತ್ರೆ ಹೋಗುತ್ತಿದೆಯೇ ಎಂದು ಕೇಳುತ್ತಾರೆ, ನಾನೇ ಪಕ್ಕದಲ್ಲಿ ನಿಂತು ನುಂಗಿಸಿದೆ ಸರ್, ಒಳ್ಳೆಯ ಪೇಷಂಟು ಅನ್ನುತ್ತಾಳೆ ನಿಶಾ, ಸುಳ್ಳಲ್ಲ ಅವಳ ಮಟ್ಟಿಗೆ, ಹಾಗಾದರೆ ಹೊಟ್ಟೆಯೊಳಗಿನ ಹೊಲಿಗೆಯೇ ಬಿಟ್ಟಿರಬೇಕು, ಮತ್ತೆ ಕೊಯ್ದು ನೋಡಬೇಕು, ತಡ ಮಾಡುವ ಹಾಗಿಲ್ಲ ಅನ್ನುತ್ತಾರೆ ಅನ್ವಿತಾಗೆ — ಬಿಟ್ಟಿಲ್ಲ, ಹೊಲಿಗೆ ಬಿಟ್ಟಿಲ್ಲ, ದಿಂಬು ನೋಡಿ, ದಿಂಬು — ತುಟಿ ಅಲುಗಿತು, ಅಲುಗಿದ್ದು ಕಂಡಿತು ಅವಳಿಗೆ, ಬಾಯಾರಿಕೆ ಅಂದುಕೊಂಡಳು, ಒನ್ನುಮಿಲ್ಲ ಅಪ್ಪಾ, ಅಮ್ಮ ಇಪ್ಪೋಳ್ ವರುಂ, ಏನಿಲ್ಲ, ಅಮ್ಮ ಈಗ ಬರುತ್ತಾಳೆ ಅನ್ನುತ್ತ ಹತ್ತಿ ಅದ್ದಿ ತುಟಿ ಒದ್ದೆ ಮಾಡಿದಳು, ನೀರು ಒಳಗೇ ಇಳಿಯಿತು, ಮುಟ್ಟಿತಲ್ಲ ಬಾಯಿಗೆ, ಹೋಯಿತಲ್ಲ ನೇಮ, ಇನ್ನೇನು, ಇನ್ನಾದರೂ ಕೊಡವ್ವಾ, ಒಂದೇ ಒಂದು, ನುಂಗುತ್ತೇನೆ, ಮಗಳೇ, ನೀನು ಕೈ ಊರಿದ್ದೀಯಲ್ಲ ಅದರ ಕೆಳಗೇ ಇವೆ, ಬೆಳ್ಳಗೆ, ಗುಂಡಗೆ. ಆಪರೇಷನ್ನಿಗೆ ಒಯ್ಯಲು ಟ್ರಾಲಿ ತಂದರು, ಬೆಡ್‌ಶೀಟಿನ ನಾಲ್ಕು ಮೂಲೆ ಹಿಡಿದು ನನ್ನನ್ನು ಎತ್ತಿ ಹಾಕಿದರು, ದಿಂಬು ಅಲ್ಲೇ ಉಳಿಯಿತು, ತಲೆಯ ತಗ್ಗು ಹಾಗೇ ಇದೆ ಅದರಲ್ಲಿ, ಕತ್ತು ಒಂದು ಕಡೆ ವಾಲಿದೆ, ಕಾಣುತ್ತಿದೆ, ನೀಲಿ ಸೀರೆಯ ಹೆಂಗಸೊಬ್ಬಳು ಹಾಸಿಗೆ ಬದಲಿಸಲು ಗವಸು ಎಳೆದು ಒಮ್ಮೆ ಕೊಡವಿದಳು, ಬಿದ್ದವು, ಒಂದು ಉರುಳುತ್ತ ಬಂತು, ಅನ್ವಿತಾಳ ಚಪ್ಪಲಿಗೆ ತಾಗಿ ನಿಂತಿತು, ಅವಳು ನನ್ನ ಮುಖವನ್ನೇ ನೋಡುತ್ತಿದ್ದಾಳೆ, ನನ್ನನ್ನಲ್ಲ, ಕೆಳಗೆ ನೋಡು, ಗಾಲಿ ತಿರುಗುತ್ತಿದೆ, ಕೆಳಗೆ ನೋಡೇ ಮಗಳೇ, ಅಲ್ಲಿ, ಚಪ್ಪಲಿಯ ಪಕ್ಕ, ಬೆಳ್ಳಗೆ, ಗುಂಡಗೆ, ಚಪ್ಪಲಿಯ ಪಕ್ಕ, ಬೆಳ್ಳಗೆ