ಮೂರನೇ ಮಹಡಿಯ ನಡುವಿನ ಕೋಣೆ

ನನ್ನ ನಕ್ಷೆಗಳಿಗೆ ರಿವಿಜನ್ ಇರುವುದಿಲ್ಲ. ಇದು ಜಂಬದ ಮಾತು ಎಂದು ನನಗೂ ಗೊತ್ತು, ಆದರೂ ಹೇಳುತ್ತೇನೆ. ಕಾಲೇಜು, ಆಫೀಸು, ಆಸ್ಪತ್ರೆಗಳ ಒಳಗೆ ಇಂಟರ್ನೆಟ್ ಮತ್ತು ಫೋನಿನ ಕೇಬಲ್ ಎಲ್ಲಿ ಹಾಯಬೇಕೆಂದು ಗೆರೆ ಎಳೆಯುವ ಕೆಲಸವನ್ನು ಹತ್ತೊಂಬತ್ತು ವರ್ಷಗಳಿಂದ ಮಾಡುತ್ತಿದ್ದೇನೆ. ಪ್ರತಿ ನಕ್ಷೆಯ ಬಲ ಮೂಲೆಯಲ್ಲಿ ಎರಡು ಸಣ್ಣ ಚೌಕಗಳಿರುತ್ತವೆ. ಒಂದರಲ್ಲಿ ನಕ್ಷೆ ಎಷ್ಟನೇ ಸಲ ಬದಲಾಯಿತು, ಯಾಕೆ ಬದಲಾಯಿತು ಎಂದು ಬರೆಯಬೇಕು. ಇನ್ನೊಂದರಲ್ಲಿ ಪರಿಶೀಲಿಸಿದವರ ಹೆಸರು. ಮೊದಲನೆಯದರಲ್ಲಿ ನನ್ನದು ಯಾವಾಗಲೂ ಸೊನ್ನೆ, ಎರಡನೆಯದರಲ್ಲಿ ಯಾವಾಗಲೂ ನಾನೇ. ಪರೇಲ್‌ನ ನಮ್ಮ ಆಫೀಸಿನಲ್ಲಿ ಬೆನ್ನ ಹಿಂದೆ ನನ್ನನ್ನು 'ಝೀರೋ ಮೇಡಂ' ಎನ್ನುತ್ತಾರೆ. ಅದನ್ನು ಹೊಗಳಿಕೆ ಎಂದೇ ತಿಳಿದುಕೊಂಡಿದ್ದೇನೆ.

ವಡಾಲದ ಒಂದು ಹಳೆಯ ಕಾಲೇಜಿಗೆ ಹೊಸ ಕೇಬಲ್ ಹಾಕಿಸುವ ಕೆಲಸ ಬಂತು. ನಮ್ಮ ಕಸುಬಿನಲ್ಲಿ ಒಂದು ಕಟ್ಟುನಿಟ್ಟಿನ ಲೆಕ್ಕವಿದೆ. ಮಹಡಿಯ ಕೇಬಲ್ ಕೋಣೆಯಿಂದ ಪ್ರತಿ ಮೇಜಿನ ಸಾಕೆಟ್ಟಿಗೆ ಹೋಗುವ ತಂತಿ ತೊಂಬತ್ತು ಮೀಟರ್ ದಾಟಬಾರದು. ದಾಟಿದರೆ ಕೆಲಸ ಮುಗಿದ ಮೇಲೆ ಪರೀಕ್ಷೆಯ ಯಂತ್ರ ಫೇಲ್ ಎನ್ನುತ್ತದೆ, ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಹಾಗಾಗಿ ಕೇಬಲ್ ಕೋಣೆ ಮಹಡಿಯ ನಟ್ಟನಡುವೆ ಇರಬೇಕು. ಮುಂಬಯಿಯಲ್ಲಿ ನಟ್ಟನಡುವಿನ ಎಂಟು-ಹತ್ತು ಅಡಿಯ ಕೋಣೆಯನ್ನು ಯಂತ್ರಕ್ಕೆ ಕೊಡಿ ಎಂದರೆ ಜನ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ. ನಮ್ಮ ಮನೆಯ ಅಡುಗೆಮನೆಯೇ ಅದರರ್ಧ. ಒಬ್ಬರು ತಿರುಗಬೇಕಾದರೆ ಇನ್ನೊಬ್ಬರು ಹೊರಗೆ ಬರಬೇಕು. ಆದರೂ ಯಂತ್ರಗಳಿಗೆ ಕೋಣೆ, ಅದಕ್ಕೊಂದು ಎ.ಸಿ. ಬರೆಯುವಾಗ ನನಗೆ ಸ್ವಲ್ಪವೂ ನಾಚಿಕೆಯಾಗುವುದಿಲ್ಲ. ನಾನು ಬರೆದ ಕೋಣೆಗಳನ್ನು ಜನ ಕಬಳಿಸುವುದೂ ಹೊಸತಲ್ಲ. ಬಾಂದ್ರಾದ ಒಂದು ಆಫೀಸಿನಲ್ಲಿ ನನ್ನ ಕೇಬಲ್ ಕೋಣೆಯಲ್ಲಿ ಸಾಹೇಬರ ವ್ಯಾಯಾಮದ ಸೈಕಲ್ ಸಿಕ್ಕಿತ್ತು. ಅದನ್ನು ನಾನೇ ಉರುಳಿಸಿಕೊಂಡು ಹೋಗಿ ಅವರ ಕ್ಯಾಬಿನ್ನಿನಲ್ಲಿ ನಿಲ್ಲಿಸಿ ಬಂದಿದ್ದೆ.

ವಡಾಲದ ಕೋಣೆಯ ಬಾಗಿಲು ತೆರೆದಾಗ ಸಿಕ್ಕಿದ್ದು ಉರಿಯುವ ಸ್ಟೋವು, ಅದರ ಮೇಲೊಂದು ದೊಡ್ಡ ಪಾತೇಲಿ, ಅದರ ಹಿಂದೆ ಮಲ್ಲವ್ವ. ವಿಜಯಪುರದ ಕಡೆಯ ಹೆಂಗಸು, ವಯಸ್ಸು ಅರವತ್ತರ ಹತ್ತಿರ. ಇಪ್ಪತ್ತಾರು ವರ್ಷಗಳಿಂದ ಆ ಮಹಡಿಗೆ ಚಹಾ ಕೊಡುತ್ತಿದ್ದಾರೆ. ಕಾಲೇಜಿಗೆಲ್ಲ ಅವರು ಮಾವಶಿ, ಅಂದರೆ ಚಿಕ್ಕಮ್ಮ.

"ಮಾವಶಿ, ಈ ಖೋಲಿ ನಮಗ ಕೊಟ್ಟಾರ. ನಾಳಿಂದ ಕೆಲಸಾ ಸುರು," ಎಂದೆ. ನಮ್ಮದು ಧಾರವಾಡದ ಮನೆತನ, ಸಿಟ್ಟು ಬಂದಾಗ ನನಗೆ ಮನೆಯ ಕನ್ನಡವೇ ಬಾಯಿಗೆ ಬರುವುದು.

"ಗೊತ್ತೈತ್ರಿ ಬಾಯಿ. ನನಗ ಕೆಳಗ ಗೇಟಿನ ಹಂತೇಲಿ ಕೂಡು ಅಂದಾರ," ಎಂದರು ಮಲ್ಲವ್ವ, ಶುಂಠಿ ಜಜ್ಜುತ್ತ. "ಈ ಬಿಲ್ಡಿಂಗಿಗೆ ಲಿಫ್ಟ್ ಇಲ್ಲ. ಕಿಟ್ಲಿ ಹಿಡಕೊಂಡು ಮೂರು ಮಾಳಿಗಿ ಹತ್ತಾಕ ನನ್ನ ಮೊಣಕಾಲು ಕೇಳೂದಿಲ್ರಿ. ಎಂಟು ದಿನಾ ನೋಡ್ತಾರ, ಆಮ್ಯಾಲ ಚಾದ ಮಶೀನ್ ತಂದು ಇಡ್ತಾರ. ನನ್ನ ಕೆಲಸಾ ಮುಗೀತು."

ಕೆಟ್ಟದೆನಿಸಿತು. ಆದರೆ ಕೆಟ್ಟದೆನಿಸಿತೆಂದು ತೊಂಬತ್ತು ಮೀಟರ್ ನೂರಾಗುವುದಿಲ್ಲ. "ಇದೇ ಮಹಡಿ ಮ್ಯಾಲ ಬ್ಯಾರೆ ಎಲ್ಲೆರೆ ಕೂಡ್ರಿ. ಇದ ಖೋಲಿ ಯಾಕ?"

"ನಡೂ ಐತಲ್ರಿ. ಇಲ್ಲಿಂದ ಎಲ್ಲಿ ಹೋದ್ರೂ ಚಾ ಬಿಸಿ ಇರ್ತೈತಿ."

ನಾನು ಎರಡು ದಿನ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಕಂಡುಹಿಡಿದ ಜಾಗವನ್ನು ಈ ಹೆಂಗಸು ಕಿಟ್ಲಿ ಹಿಡಿದು ಕಂಡುಹಿಡಿದಿದ್ದರು. ನನಗೆ ಒಳ್ಳೆಯ ಸಿಟ್ಟು ಬಂತು.

"ಲೈಬ್ರರಿ ಒಂದು ಬಿಟ್ಟು," ಎಂದು ಮಲ್ಲವ್ವ ಸೇರಿಸಿದರು. "ಅಲ್ಲಿ ಮುಟ್ಟೂದ್ರಾಗ ಆರಿರ್ತೈತಿ. ಶೀತಲ್ ಮೇಡಂ ದಿನಾ ಬೈತಾರ."

"ಕೆಮಿಸ್ಟ್ರಿ ಲ್ಯಾಬಿಗೆ?"

"ಅಲ್ಲಿ ಬಿಸಿ ಇರ್ತೈತ್ರಿ. ಊದಿಕೊಂಡು ಕುಡೀತಾರ."

ನಕ್ಷೆ ಬಿಚ್ಚಿ ನೋಡಿದೆ. ಲ್ಯಾಬಿಗೆ ಎಂಬತ್ತೈದು ಮೀಟರ್, ಗ್ರಂಥಾಲಯಕ್ಕೆ ಎಪ್ಪತ್ತೆಂಟು. ದೂರದಲ್ಲಿ ಬಿಸಿಯಾಗಿರುವ ಚಹಾ ಹತ್ತಿರದಲ್ಲಿ ಹೇಗೆ ಆರುತ್ತದೆ? "ನಿಮ್ಮ ಕಾಲೇ ಅಲ್ಲಿ ಸಾವಕಾಶ ನಡೀತಾವೇನೋ," ಎಂದೆ. ಈಗ ನೆನೆದರೆ ನಾಚಿಕೆಯಾಗುವ ಮಾತು. ಮಲ್ಲವ್ವ ಬೇಸರ ಮಾಡಿಕೊಳ್ಳದೆ ಒಂದು ಗ್ಲಾಸು ಚಹಾ ನನ್ನ ಕೈಗಿತ್ತು, "ಬರ್ರಿ, ಸಂಗಟ ನಡೀರಿ," ಎಂದರು.

ಕೇಬಲ್ ಎಳೆಯುವ ತಂಡದ ಮುಖ್ಯಸ್ಥ ಸಿಕಂದರನನ್ನೂ ಕರೆದೆ. ಅವನೂ ವಿಜಯಪುರದವನೇ. ನಮ್ಮ ಕೇಬಲ್ಲಿನ ಮೈಮೇಲೆ ಮೀಟರಿಗೊಂದರಂತೆ ಇಳಿಯುತ್ತ ಹೋಗುವ ಸಂಖ್ಯೆ ಅಚ್ಚಾಗಿರುತ್ತದೆ. ಹೊಸ ಪೆಟ್ಟಿಗೆ ಒಡೆದು, ಮುನ್ನೂರೈದು ಎಂದಿದ್ದ ತುದಿಯನ್ನು ಮಲ್ಲವ್ವನ ಬಾಗಿಲ ಚಿಲಕಕ್ಕೆ ಕಟ್ಟಿ, ಅವರ ಹಿಂದೆ ನೆಲದ ಮೇಲೆ ತಂತಿ ಬಿಡುತ್ತ ಗ್ರಂಥಾಲಯದ ಕಡೆ ಹೊರಟೆವು. ಮುಂದೆ ಕಿಟ್ಲಿ, ನಡುವೆ ಚಹಾದ ಗ್ಲಾಸು ಹಿಡಿದ ನಾನು, ಹಿಂದೆ ಪೆಟ್ಟಿಗೆ ಹೊತ್ತ ಸಿಕಂದರ. ಹುಡುಗಿಯರು ತರಗತಿಯಿಂದ ಇಣುಕಿ ನಕ್ಕರು.

ನನ್ನ ನಕ್ಷೆಯಲ್ಲಿ ನೇರ ದಾರಿಯಿದ್ದ ಕಡೆ ಒಂದು ಗೋಡೆ, ಅದಕ್ಕೊಂದು ಕಬ್ಬಿಣದ ಬಾಗಿಲು, ಬಾಗಿಲಿಗೆ ಮೂರು ಬೀಗ.

"ಮೇಡಂ, ನಕ್ಷಾದಾಗ ರಸ್ತಾ ಐತ್ರಿ, ಯಹಾಂ ತೋ ತಿಜೋರಿ ಐತಿ," ಎಂದ ಸಿಕಂದರ.

ಅದು ಪ್ರಶ್ನೆಪತ್ರಿಕೆ ಇಡುವ ಕೋಣೆ. ಹನ್ನೊಂದು ವರ್ಷದ ಹಿಂದೆ ಕಾರಿಡಾರನ್ನೇ ಮುಚ್ಚಿ ಕಟ್ಟಿದ್ದರಂತೆ. ಅದರ ಗೋಡೆಗೆ ಮೊಳೆ ಹೊಡೆಯಲೂ ಬಿಡುವುದಿಲ್ಲ, ಇನ್ನು ಕೇಬಲ್ ದಾಟಿಸುವ ಮಾತೆಲ್ಲಿ. ನಾನು ಅಳತೆಗೆ ಬಂದಾಗ ಪರೀಕ್ಷೆ ನಡೆಯುತ್ತಿತ್ತು, ಮೇಲೆ ಬಿಡಲಿಲ್ಲ. ಮತ್ತೊಮ್ಮೆ ಬರುತ್ತೇನೆಂದುಕೊಂಡು ಬರಲಿಲ್ಲ. ಕಾಲೇಜು ಕೊಟ್ಟ ಹಳೆಯ ಪ್ಲಾನಿನ ಮೇಲೆಯೇ ಗೆರೆ ಎಳೆದು, ಪರಿಶೀಲಿಸಿದವರು ಎಂಬಲ್ಲಿ ನನ್ನ ಹೆಸರು ಬರೆದಿದ್ದೆ.

ಮಲ್ಲವ್ವ ಎಡಕ್ಕೆ ತಿರುಗಿ, ಸಂಗೀತದ ಕೋಣೆ ಸುತ್ತಿ ಗ್ರಂಥಾಲಯಕ್ಕೆ ಮುಟ್ಟಿಸಿದರು. ಸಿಕಂದರ ಬಗ್ಗಿ ತಂತಿಯ ಮೇಲಿನ ಸಂಖ್ಯೆ ಓದಿದ. ಇನ್ನೂರ ಏಳು. ಅಂದರೆ ತೊಂಬತ್ತೆಂಟು ಮೀಟರ್. ಗೋಡೆ ಹತ್ತಿ ಇಳಿಯಲು ಇನ್ನಾರು ಸೇರಿಸಿದರೆ ನೂರ ನಾಲ್ಕು. ಕೈಯಲ್ಲಿದ್ದ ಚಹಾ ಕುಡಿದೆ. ಆರಿಹೋಗಿತ್ತು.

ಸಿಕಂದರ ನನ್ನ ಮುಖ ನೋಡಲಿಲ್ಲ, ಒಳ್ಳೆಯ ಮನುಷ್ಯ. ನೋಡಿದ್ದರೆ ಅಳು ಬರುತ್ತಿತ್ತೋ ಏನೋ. ಹತ್ತೊಂಬತ್ತು ವರ್ಷದ ಸೊನ್ನೆ ನೆಲದ ಮೇಲೆ ತಂತಿಯಾಗಿ ಬಿದ್ದಿತ್ತು.

ಆ ಸಂಜೆ ಆಫೀಸಿನಲ್ಲಿ ನಕ್ಷೆ ಮುಂದಿಟ್ಟುಕೊಂಡು ಕುಳಿತೆ. ನಡುವಿನ ಕೋಣೆಯನ್ನು ಇಟ್ಟುಕೊಂಡು, ಗ್ರಂಥಾಲಯದ ಬಳಿ ಇನ್ನೊಂದು ಸಣ್ಣದನ್ನು ಸೇರಿಸಿದರೂ ನಡೆಯುತ್ತಿತ್ತು. ಅದೇ ಸುಲಭ, ಯಾರೂ ಕೇಳುತ್ತಿರಲಿಲ್ಲ. ಆದರೆ ಮಹಡಿಯ ಎರಡು ತುದಿಗಳಲ್ಲಿ ಮುರಿದ ಬೆಂಚು ತುಂಬಿದ ಎರಡು ಉಗ್ರಾಣಗಳಿದ್ದವು. ಎರಡರಲ್ಲೂ ಒಂದೊಂದು ಸಣ್ಣ ಕೇಬಲ್ ಕೋಣೆ ಮಾಡಿದರೆ ಯಾವ ಸಾಕೆಟ್ಟೂ ತೊಂಬತ್ತು ದಾಟುವುದಿಲ್ಲ. ಆಗ ನಡುವಿನ ಕೋಣೆ ನನಗೆ ಬೇಡ. ಹಾಗೆಯೇ ಬರೆದೆ. ಖಾಲಿ ಬಿಟ್ಟರೆ ಯಾರಾದರೂ ಸೈಕಲ್ ತಂದು ನಿಲ್ಲಿಸುತ್ತಾರೆಂದು ಅಲ್ಲಿ ದಪ್ಪಕ್ಷರದಲ್ಲಿ 'ಪ್ಯಾಂಟ್ರಿ (ಚಹಾ)' ಎಂದೂ, ಗೋಡೆಗೊಂದು ಎಕ್ಸಾಸ್ಟ್ ಫ್ಯಾನ್ ಎಂದೂ ಹಾಕಿದೆ. ನಕ್ಷೆಯಲ್ಲಿ ಬರೆದದ್ದನ್ನು ಯಾರೂ ಅಷ್ಟು ಸುಲಭವಾಗಿ ಅಲ್ಲಾಡಿಸುವುದಿಲ್ಲ.

ಮರುದಿನದ ಮೀಟಿಂಗಿನಲ್ಲಿ ಪ್ರಿನ್ಸಿಪಾಲರು ಒಪ್ಪಿ ಸಹಿ ಹಾಕಿದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಬಲ ಮೂಲೆಯ ಚೌಕಗಳನ್ನು ಎರಡು ಸಲ ಓದಿ, ನನ್ನ ಮುಖ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ.

ರಿವಿಜನ್: ಒಂದು. ಕಾರಣ: ಗ್ರಂಥಾಲಯದಲ್ಲಿ ಚಹಾ ಆರುತ್ತದೆ. ಪರಿಶೀಲಿಸಿದವರು: ಮಲ್ಲವ್ವ.