ಹಸಿರು ಪಟ್ಟಿಯ ಗೋಲಿ

“ಇದನ್ನ ಯಾರು ಮುಟ್ಟಿದ್ದು?”

ಕಾರಿನ ಹಿಂದಿನ ಬಾಗಿಲು ತೆಗೆದ ಸೊಸೆ ಅಲ್ಲೇ ನಿಂತುಬಿಟ್ಟಳು. ಕೂಸು ತೋಳಿನಲ್ಲಿ, ಹೆಗಲಿಗೆ ಬಟ್ಟೆಯ ಚೀಲ. ಮಗುವಿನ ಸೀಟು ಎಂದಿನಂತೆ ಕಾರಿನ ಹಿಂಭಾಗಕ್ಕೆ ಮುಖ ಮಾಡಿಕೊಂಡೇ ಇತ್ತು. ಆದರೆ ಅವಳು ಒರಗಿಸಿಟ್ಟಿದ್ದ ಹಾಗಿರಲಿಲ್ಲ; ಮೇಷ್ಟರ ಕುರ್ಚಿಯ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡಿತ್ತು.

ಸ್ಟೀರಿಂಗ್ ಹಿಂದೆ ಕೂತಿದ್ದ ಗಂಡ ಕನ್ನಡಿ ಒರೆಸತೊಡಗಿದ. ಅದರಲ್ಲಿ ಕೊಳೆಯೇನೂ ಇರಲಿಲ್ಲ.

“ನಾನೇ ಕಣಮ್ಮ,” ಎಂದರು ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದ ಮಾವ. “ಅದು ಅಷ್ಟು ಮಲಗಿದ್ರೆ ನನ್ನ ಸೀಟು ಹಿಂದಕ್ಕೆ ಸರಿಯಲ್ಲ, ಮಂಡಿ ಮುಂದೆ ತಗಲುತ್ತೆ. ಸ್ವಲ್ಪ ಎತ್ತಿದೆ, ಅಷ್ಟೇ. ನೆಟ್ಟಗೆ ಕೂತರೆ ಮಗು ಬೆನ್ನಿಗೂ ಒಳ್ಳೇದು.”

ಅವಳ ಕಿವಿ ಬಿಸಿಯಾಯಿತು. ದಿನ ತುಂಬುವ ಮೊದಲೇ ಹುಟ್ಟಿದ ಕೂಸು. ಕತ್ತು ಇನ್ನೂ ನಿಂತಿಲ್ಲ. ಹೋದ ಸಲ ಡಾಕ್ಟರ ಹತ್ತಿರ ಹೋಗಿ ಬರುವಾಗ ಸೀಟು ಹೀಗೇ ನೆಟ್ಟಗಿತ್ತು. ದಾರಿಯಲ್ಲಿ ತಲೆ ಮುಂದಕ್ಕೆ ಜೋತು, ಗದ್ದ ಎದೆಗೆ ಒತ್ತಿ, ಉಸಿರು ಕಟ್ಟಿ, ತುಟಿ ನೇರಳೆಗೆ ತಿರುಗಿತ್ತು. ಪಕ್ಕದಲ್ಲಿದ್ದ ಅವಳು ಗದ್ದ ಎತ್ತಿ ಹಿಡಿದಿದ್ದಕ್ಕೆ ಕೂಸು ಉಳಿಯಿತು. ಮಾರನೆಯ ದಿನ ತಾನೇ ಸೀಟನ್ನು ಒರಗಿಸಿ, ಅದರ ಓರೆ ಸರಿಯಿದೆಯೇ ಎಂದು ತೋರಿಸಲು ಮಗ್ಗುಲಿನ ಕಿಂಡಿಯಲ್ಲಿರುವ ಪುಟ್ಟ ಗೋಲಿ ಹಸಿರು ಪಟ್ಟಿಗೆ ಬರುವವರೆಗೂ ಬಿಟ್ಟಿರಲಿಲ್ಲ.

“ಆವತ್ತು ಏನಾಯ್ತು ಅಂತ ಮರೆತುಹೋಯ್ತಾ ನಿಮಗೆಲ್ಲ?”

“ಗೋಲಿ ಹಸಿರಲ್ಲೇ ಇದೆ ನೋಡೇ,” ಎಂದ ಗಂಡ. “ಅಪ್ಪ ಅದನ್ನ ನೋಡ್ಕೊಂಡೇ ಮಾಡಿದ್ದು.”

ಬಗ್ಗಿ ನೋಡಿದಳು. ಹೌದು, ಹಸಿರಲ್ಲೇ ಇತ್ತು. ಆಮೇಲೆ ಬೀದಿಯತ್ತ ನೋಡಿದಳು. ಕಾರು ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ, ಗಾಲಿಗೆ ಕಲ್ಲು ಕೊಟ್ಟು ನಿಂತಿತ್ತು.

“ಇಲ್ಲೇ ನಿಲ್ಲಿಸಿ ನೋಡಿದ್ರಾ?”

“ಎಲ್ಲಿ ನೋಡಿದ್ರೇನಮ್ಮ? ಲಾರಿ ಓಡಿಸಿ ಓಡಿಸಿ ತಲೆ ಬೋಳಾದವನಿಗೆ ನೀನು ಗೋಲಿಯಾಟ ಹೇಳ್ಕೊಡ್ತೀಯಾ?”

ಗಂಡ ಕಿಸಕ್ಕನೆ ನಕ್ಕ. ಆ ನಗು ಅವಳ ನೆತ್ತಿಗೇರಿತು.

“ಮಾವ, ಇಂಜಿನ್ ಆಯಿಲ್ ಎಷ್ಟಿದೆ ಅಂತ ಕಡ್ಡಿ ಅದ್ದಿ ನೋಡ್ತಿದ್ರಲ್ಲ, ಲಾರೀನ ಇಳಿಜಾರಲ್ಲಿ ನಿಲ್ಲಿಸಿ ನೋಡ್ತಿದ್ರಾ?”

ಮಾವ ಚಾಚಿದ್ದ ಕಾಲನ್ನು ಒಳಕ್ಕೆಳೆದುಕೊಂಡರು.

“ಹೇಳಿ. ನಿಮ್ಮ ಕ್ಲೀನರ್ ಹಾಗೆ ನೋಡಿದ್ರೆ ಏನು ಮಾಡ್ತಿದ್ರಿ?”

“ಬೆನ್ನಿಗೆ ಒಂದು ಬಿಡ್ತಿದ್ದೆ.” ದನಿ ಇಳಿದಿತ್ತು.

“ಲಾರಿಗಿದ್ದ ಮರ್ಯಾದೆ ನನ್ನ ಕೂಸಿಗಿಲ್ವಾ? ನಿಮ್ಮ ಮಂಡಿಗೆ ಜಾಗ ಆಗಲಿ ಅಂತ ಇದರ ಉಸಿರಿಗೆ ಕೈ ಹಾಕಿದ್ರಾ?”

“ಬೀದೀಲಿ ಕೂಗಬೇಡ ಕಣೇ, ಜನ ನೋಡ್ತಾರೆ,” ಎಂದ ಗಂಡ.

“ನೋಡಲಿ! ಆವತ್ತು ತುಟಿ ಕಪ್ಪಾದಾಗ ನಿಮ್ಮ ಜನ ಎಲ್ಲಿದ್ರು? ಕಾರು ಕೆಳಗೆ ತಗೊಂಡು ಹೋಗಿ ಸಮ ಇರೋ ಕಡೆ ನಿಲ್ಲಿಸಿ. ನಾನು ನಡೆದೇ ಬರ್ತೀನಿ.”

ಬೀದಿಯ ಕೊನೆಯಲ್ಲಿ, ಮುಚ್ಚಿದ ಗೋದಾಮಿನ ಮುಂದಿನ ಸಿಮೆಂಟು ನೆಲದ ಮೇಲೆ ಕಾರು ನಿಂತಿತ್ತು. ಅವಳು ಬರುವಷ್ಟರಲ್ಲಿ ಮಾವ ಇಳಿದು, ಹಿಂದಿನ ಬಾಗಿಲಲ್ಲಿ ಬಗ್ಗಿ ನಿಂತಿದ್ದರು. ಗೋಲಿ ಹಸಿರು ಪಟ್ಟಿ ಬಿಟ್ಟು ಕಿಂಡಿಯ ಆ ತುದಿಗೆ ಹೋಗಿ ಕೂತಿತ್ತು. ಅವರು ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ಸೀಟಿನ ಹಿಡಿಗೆ ಕೈ ಹಾಕಿದರು.

“ಬಿಡಿ.”

ಅವರು ಕೈ ತೆಗೆದರು.

ಕೂಸನ್ನು ಗಂಡನ ಕೈಗೆ ಕೊಟ್ಟು, ಮುಂದಿನ ಸೀಟನ್ನು ಮುಂದಕ್ಕೆ ನೂಕಿ, ಮಗುವಿನ ಸೀಟನ್ನು ಒಂದೊಂದೇ ಹಲ್ಲು ಇಳಿಸಿದಳು. ಗೋಲಿ ಉರುಳಿ ಬಂದು ಹಸಿರಿನ ನಡುವೆ ನಿಂತಿತು. ಕೂಸನ್ನು ಮಲಗಿಸಿ ಬೆಲ್ಟು ಬಿಗಿದು, ಗಂಡನ ಮುಂದೆ ಕೈ ಚಾಚಿದಳು.

“ಕೀ ಕೊಡಿ.”

“ಮತ್ತೆ ನಾನು?”

“ಮುಂದೆ ಕೂತ್ಕೊಳ್ಳಿ. ನಿಮ್ಮಪ್ಪನ ಜಾಗ ಖಾಲಿ ಇದೆಯಲ್ಲ.”

ಗಂಡ ಮಂಡಿಯನ್ನು ಗದ್ದಕ್ಕೆ ತಂದುಕೊಂಡು ಹೇಗೋ ತೂರಿಕೊಂಡ. ಮಾವ ಆಗಲೇ ಹಿಂದೆ, ಕೂಸಿನ ಪಕ್ಕ, ಕಾಲು ಮಡಚಿ ಕೂತಾಗಿತ್ತು. ಅವಳು ಗೇರನ್ನು ಸಿಟ್ಟಿನಿಂದಲೇ ಹಾಕಿದಳು.

ದೊಡ್ಡ ರಸ್ತೆಗೆ ತಿರುಗುವಾಗ ಕಾರು ಒಂದು ಗುಂಡಿಗಿಳಿದು ಎದ್ದಿತು. ಅವಳು ತಟ್ಟನೆ ಕನ್ನಡಿ ನೋಡಿದಳು; ಕೂಸಿನ ಮುಖ ಕಾಣಲೆಂದು ಹಿಂದಿನ ಸೀಟಿನ ಒರಗಿಗೆ ಕಟ್ಟಿದ್ದ ಇನ್ನೊಂದು ಪುಟ್ಟ ಕನ್ನಡಿ ಅದರಲ್ಲಿ ಕಾಣುತ್ತಿತ್ತು. ಕೂಸು ಬಾಯಿ ತೆರೆದು ನಿದ್ದೆ ಮಾಡುತ್ತಿತ್ತು. ಅದರ ಗದ್ದದ ಕೆಳಗೆ, ಮುಟ್ಟಿಯೂ ಮುಟ್ಟದ ಹಾಗೆ, ಕಾಯಿಗಟ್ಟಿದ ದಪ್ಪ ಬೆರಳೊಂದು ಗಾಳಿಯಲ್ಲಿ ನಿಂತಿತ್ತು.